ನಾಣ್ಯದ ಲೆಕ್ಕವನ್ನು ಬೀಜಗಣಿತದಿಂದ ಬಿಡಿಸುವುದು: ಪ್ರಶ್ನೆ ಓದುವುದರಿಂದ ತಾಳೆ ನೋಡುವವರೆಗೆ

ಎಂಟನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಮಕ್ಕಳು ಮತ್ತೆ ಮತ್ತೆ ಎಡವುವ ಲೆಕ್ಕ ಇದು: ಡಬ್ಬಿಯಲ್ಲಿ ಎರಡು ಬಗೆಯ ನಾಣ್ಯಗಳಿವೆ, ಒಟ್ಟು ನಾಣ್ಯ ಇಷ್ಟು, ಒಟ್ಟು ಹಣ ಇಷ್ಟು, ಹಾಗಾದರೆ ಯಾವುದು ಎಷ್ಟು? ಕೊಪ್ಪಳ, ಗಂಗಾವತಿ, ಸಿಂಧನೂರು ಕಡೆಯ ಮಕ್ಕಳಿಗೆ ಗಣಿತ ಹೇಳಿಕೊಡುವಾಗ ನಾನು ಕಾಣುವ ತೊಡಕು ಸದಾ ಒಂದೇ ಜಾಗದಲ್ಲಿರುತ್ತದೆ. 3ಕ + 128 = 215 ಎಂದು ಬರೆದುಕೊಟ್ಟರೆ ಬಹುತೇಕ ಎಲ್ಲರೂ ಬಿಡಿಸುತ್ತಾರೆ. ಆ ಸಾಲನ್ನು ತಾವೇ ಬರೆಯಬೇಕಾದಾಗ ಪೆನ್ಸಿಲು ನಿಂತುಬಿಡುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಸಮೀಕರಣಕ್ಕಿಂತ ಹಿಂದಿನ ಕೆಲಸಕ್ಕೆ ಮೀಸಲು.

ಪಠ್ಯಪುಸ್ತಕದಲ್ಲಿ ಎಕ್ಸ್, ವೈ ಇರುವ ಕಡೆ ಇಲ್ಲಿ ಕ, ಮ ಎಂದು ಬರೆದಿದ್ದೇನೆ. ಪರೀಕ್ಷೆಯಲ್ಲಿ ಪುಸ್ತಕದ ಅಕ್ಷರಗಳನ್ನೇ ಬಳಸಿ.

## ಕೈಯಲ್ಲಿ ಏನಿರಬೇಕು

ಗೆರೆ ಹಾಕಿದ ನೋಟ್‌ಪುಸ್ತಕ, ಪೆನ್ಸಿಲು, ರಬ್ಬರು, ಅಳತೆಪಟ್ಟಿ. ಮೊದಲ ವಾರ ಒಂದಷ್ಟು ನಿಜವಾದ ನಾಣ್ಯಗಳೂ ಇರಲಿ. ಮನೆಯಲ್ಲಿ ಚಿಲ್ಲರೆ ಸಾಲದಿದ್ದರೆ ಹುಣಸೆ ಬೀಜವನ್ನು 2 ರೂಪಾಯಿ ಎಂದೂ ಕಡಲೆಯನ್ನು 5 ರೂಪಾಯಿ ಎಂದೂ ಇಟ್ಟುಕೊಳ್ಳಬಹುದು. ಕ್ಯಾಲ್ಕ್ಯುಲೇಟರ್ ಬೇಡ. ಇಲ್ಲಿಯ ಗುಣಾಕಾರಗಳು ಚಿಕ್ಕವು, ಅವನ್ನು ಕೈಯಿಂದಲೇ ಮಾಡಿದರೆ ಎಲ್ಲಿ ತಪ್ಪಿತು ಎಂಬುದು ಕಾಗದದ ಮೇಲೆ ಉಳಿಯುತ್ತದೆ.

ಮುಂದಿನ ಎಂಟು ಹಂತಗಳಿಗೂ ಒಂದೇ ಲೆಕ್ಕವನ್ನು ಬಳಸುತ್ತೇನೆ:

ಹುಲಿಗಿಯ ಹುಲಿಗೆಮ್ಮ ದೇವಸ್ಥಾನದ ಎದುರು ಹಣ್ಣು-ಕಾಯಿ ಮಾರುವ ಮಹಿಳೆಯೊಬ್ಬರ ಡಬ್ಬಿಯಲ್ಲಿ 5 ರೂಪಾಯಿ ಮತ್ತು 2 ರೂಪಾಯಿ ನಾಣ್ಯಗಳು ಸೇರಿ 64 ಇವೆ. ಒಟ್ಟು ಹಣ 215 ರೂಪಾಯಿ. ಯಾವ ನಾಣ್ಯ ಎಷ್ಟು?

## 1. ಪ್ರಶ್ನೆಯನ್ನು ಕೊನೆಯಿಂದ ಓದಿ

ಮೊದಲು ಕೊನೆಯ ವಾಕ್ಯ ಓದಿ: ಏನನ್ನು ಕೇಳಿದ್ದಾರೆ? ಇಲ್ಲಿ ಕೇಳಿರುವುದು ಎರಡು ಸಂಖ್ಯೆಗಳನ್ನು. ಹಾಳೆಯ ಮೇಲ್ಭಾಗದಲ್ಲಿ ‘5 ರೂಪಾಯಿ ನಾಣ್ಯಗಳು = ?, 2 ರೂಪಾಯಿ ನಾಣ್ಯಗಳು = ?’ ಎಂದು ಬರೆದಿಡಿ. ಲೆಕ್ಕ ಮುಗಿದ ಮೇಲೆ ಎರಡೂ ಖಾಲಿ ಜಾಗಗಳು ತುಂಬಿರಬೇಕು. ಒಂದನ್ನು ಕಂಡುಹಿಡಿದು ಇನ್ನೊಂದನ್ನು ಮರೆತು ಅಂಕ ಕಳೆದುಕೊಳ್ಳುವ ಮಕ್ಕಳು ಬಹಳ.

ಆಮೇಲೆ ಮೊದಲಿನಿಂದ ಓದುತ್ತ ಪ್ರತಿ ಸಂಖ್ಯೆಯ ಕೆಳಗೆ ಅದು ಏನೆಂದು ಬರೆಯಿರಿ. 64ರ ಕೆಳಗೆ ‘ಎಣಿಕೆ’, 215ರ ಕೆಳಗೆ ‘ಹಣ’, 5 ಮತ್ತು 2ರ ಕೆಳಗೆ ‘ಒಂದರ ಬೆಲೆ’. ಈ ಮೂರು ಮಾತುಗಳು ಬೆರೆತುಹೋಗುವುದೇ ನಾಣ್ಯದ ಲೆಕ್ಕದ ಮೂಲ ರೋಗ. ಭತ್ತ ತೂಗಿಸುವ ರೈತನಿಗೆ ಚೀಲ ಎಷ್ಟು ಎಂಬುದು ಬೇರೆ, ತೂಕ ಎಷ್ಟು ಎಂಬುದು ಬೇರೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ನಾಣ್ಯದಲ್ಲಿಯೂ ಎಣಿಕೆ ಬೇರೆ, ಹಣ ಬೇರೆ.

## 2. ಏಕಮಾನ ಒಂದೇ ಮಾಡಿ

ಎಲ್ಲವೂ ರೂಪಾಯಿಯಲ್ಲಿದ್ದರೆ ಈ ಹಂತವನ್ನು ದಾಟಿ. ಪೈಸೆ ಬಂದರೆ ನಿಲ್ಲಿ. 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ, ಆದರೆ ಹಳೆಯ ಪ್ರಶ್ನೆಗಳಲ್ಲಿ ಅವು ಇನ್ನೂ ಓಡಾಡುತ್ತಿವೆ. 50 ಪೈಸೆಗೆ ಕಾನೂನಿನ ಮಾನ್ಯತೆ ಇದೆ, ಲೆಕ್ಕಗಳಲ್ಲಿ ಅದು ಆಗಾಗ ಬರುತ್ತದೆ.

ಉದಾಹರಣೆಗೆ: 1 ರೂಪಾಯಿ ಮತ್ತು 50 ಪೈಸೆ ನಾಣ್ಯಗಳು ಸೇರಿ 46, ಒಟ್ಟು 34 ರೂಪಾಯಿ. 1 ರೂಪಾಯಿ ನಾಣ್ಯಗಳು ಕ ಎಂದಿಟ್ಟು ಕ + 50(46 − ಕ) = 34 ಎಂದು ಬರೆದರೆ ಒಂದು ಪದ ರೂಪಾಯಿಯಲ್ಲಿ, ಇನ್ನೊಂದು ಪೈಸೆಯಲ್ಲಿ ಇರುತ್ತದೆ. ಬಿಡಿಸಿದರೆ ಕ ಸುಮಾರು 46.24 ಎಂದು ಬರುತ್ತದೆ. ಇರುವುದೇ 46 ನಾಣ್ಯ! ಎಲ್ಲವನ್ನೂ ಪೈಸೆಗೆ ತನ್ನಿ: 100ಕ + 50(46 − ಕ) = 3400. ಆಗ 50ಕ = 1100, ಕ = 22. ಒಂದು ರೂಪಾಯಿಯವು 22, ಐವತ್ತು ಪೈಸೆಯವು 24. ಪೈಸೆಗೆ ಇಳಿಸುವುದೇ ಮೇಲು. ದಶಮಾಂಶ ಬಿಂದು ಇಲ್ಲದ ಕಡೆ ಅದು ಜಾರಿಹೋಗುವ ಭಯವೂ ಇಲ್ಲ.

## 3. ಉತ್ತರ ಎಲ್ಲಿರಬಹುದು ಎಂದು ಮೊದಲೇ ಅಂದಾಜಿಸಿ

ಈ ಹಂತವನ್ನು ತರಗತಿಯಲ್ಲಿ ಯಾರೂ ಮಾಡಿಸುವುದಿಲ್ಲ, ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸುವುದು ಇದೇ. ಅರ್ಧ ನಿಮಿಷ ಸಾಕು.

64 ನಾಣ್ಯಗಳೂ 2 ರೂಪಾಯಿಯವೇ ಆಗಿದ್ದರೆ ಹಣ 128. ಎಲ್ಲವೂ 5 ರೂಪಾಯಿಯವೇ ಆಗಿದ್ದರೆ 320. ಕೊಟ್ಟಿರುವ 215 ಇವೆರಡರ ನಡುವೆ ಇದೆ, ಆದ್ದರಿಂದ ಪ್ರಶ್ನೆಯನ್ನು ನಂಬಬಹುದು. ಮುಂದೆ: 128 ಮತ್ತು 320ರ ನಡುಮಧ್ಯ 224. ಅಂದರೆ ಎರಡೂ ಬಗೆಯವು ತಲಾ 32 ಇದ್ದಿದ್ದರೆ 224 ಆಗುತ್ತಿತ್ತು. ನಮ್ಮ ಹಣ ಅದಕ್ಕಿಂತ ಸ್ವಲ್ಪ ಕಡಿಮೆ. ಹಾಗಾದರೆ 2 ರೂಪಾಯಿ ನಾಣ್ಯಗಳು ಸ್ವಲ್ಪ ಹೆಚ್ಚಿರಬೇಕು. ‘2 ರೂಪಾಯಿಯವು ಹೆಚ್ಚು’ ಎಂದು ಅಂಚಿನಲ್ಲಿ ಬರೆದಿಡಿ. ಎಂಟನೆಯ ಹಂತದಲ್ಲಿ ಈ ಟಿಪ್ಪಣಿ ಕೆಲಸಕ್ಕೆ ಬರುತ್ತದೆ.

## 4. ಅಕ್ಷರಕ್ಕೆ ಪೂರ್ತಿ ವಾಕ್ಯದಲ್ಲಿ ಹೆಸರಿಡಿ

‘ಕ = 5 ರೂಪಾಯಿ ನಾಣ್ಯ’ ಎಂದು ಬರೆಯಬೇಡಿ. ಹಾಗೆ ಬರೆದ ಮಗುವಿಗೆ ಕ ಎಂದರೆ ನಾಣ್ಯವೋ, ಅದರ ಬೆಲೆಯೋ, ಎಣಿಕೆಯೋ ಎಂಬುದು ಎರಡು ಸಾಲು ಕೆಳಗೆ ಹೋಗುವಷ್ಟರಲ್ಲಿ ಮರೆತಿರುತ್ತದೆ. ಸರಿಯಾದ ಸಾಲು ಹೀಗಿರುತ್ತದೆ: ‘5 ರೂಪಾಯಿ ನಾಣ್ಯಗಳ ಸಂಖ್ಯೆ ಕ ಆಗಿರಲಿ.’ ‘ಸಂಖ್ಯೆ’ ಎಂಬ ಪದ ಕಡ್ಡಾಯ. ಅಕ್ಷರ ಸದಾ ಎಣಿಕೆಗೆ, ಎಂದೂ ಹಣಕ್ಕಲ್ಲ.

ಇನ್ನೊಂದು ಬಗೆಯ ನಾಣ್ಯಕ್ಕೆ ಹೊಸ ಅಕ್ಷರ ಬೇಕಿಲ್ಲ. 64ರಲ್ಲಿ ಕ ತೆಗೆದರೆ ಉಳಿಯುವುದು 64 − ಕ. ಇಲ್ಲಿ ಕ − 64 ಎಂದು ತಿರುಗಿಸಿ ಬರೆಯುವ ತಪ್ಪು ತುಂಬಾ ಸಾಮಾನ್ಯ. ಅನುಮಾನ ಬಂದರೆ ಅಕ್ಷರದ ಜಾಗದಲ್ಲಿ ಒಂದು ಸಂಖ್ಯೆ ಇಟ್ಟು ನೋಡಿ: 5 ರೂಪಾಯಿಯವು 10 ಇದ್ದರೆ ಉಳಿದವು ಎಷ್ಟು? 54. ಅದನ್ನು ಹೇಗೆ ಪಡೆದಿರಿ? 64 − 10. ಹಾಗಾದರೆ 64 − ಕ. ನಾಣ್ಯಗಳನ್ನು ಮುಂದಿಟ್ಟುಕೊಂಡು ಒಂದು ಹಿಡಿ ಪಕ್ಕಕ್ಕೆ ಸರಿಸಿ ತೋರಿಸಿದರೆ ಎಳೆಯ ಮಕ್ಕಳಿಗೂ ಇದು ಹಿಡಿಯುತ್ತದೆ.

ಪ್ರಶ್ನೆಯಲ್ಲಿ ಒಟ್ಟು ಎಣಿಕೆಯ ಬದಲು ಹೋಲಿಕೆ ಕೊಟ್ಟಿದ್ದರೆ ಯಾರಿಗೆ ಅಕ್ಷರ ಕೊಡಬೇಕು? ‘1 ರೂಪಾಯಿ ನಾಣ್ಯಗಳು 2 ರೂಪಾಯಿ ನಾಣ್ಯಗಳಿಗಿಂತ 8 ಹೆಚ್ಚು’ ಎಂಬ ವಾಕ್ಯದಲ್ಲಿ ‘ಗಿಂತ’ ಯಾವುದಕ್ಕೆ ಅಂಟಿದೆಯೋ ಅದೇ ಬುಡ. ಬುಡದ ಎಣಿಕೆಗೆ 8 ಸೇರಿಸಿದರೆ ಇನ್ನೊಂದು ಸಿಗುತ್ತದೆ. ‘ಮೂರರಷ್ಟು’ ಇದ್ದ ಕಡೆಯೂ ಹಾಗೆಯೇ: ‘2 ರೂಪಾಯಿಯವು 5 ರೂಪಾಯಿಯವುಗಳ ಮೂರರಷ್ಟು’ ಎಂದರೆ ಬುಡ 5 ರೂಪಾಯಿ. ಹಲವು ಹೋಲಿಕೆಗಳಿದ್ದಾಗ ಎಲ್ಲಕ್ಕೂ ಕೆಳಗಿರುವ ಬುಡವನ್ನು ಹುಡುಕಿ ಅದಕ್ಕೆ ಅಕ್ಷರ ಕೊಡಿ.

## 5. ಕೋಷ್ಟಕ ಹಾಕಿ

ಸಮೀಕರಣಕ್ಕೆ ನೇರವಾಗಿ ಹಾರಬೇಡಿ. ಅಳತೆಪಟ್ಟಿ ತೆಗೆದುಕೊಂಡು ನಾಲ್ಕು ಕಾಲಂ ಎಳೆಯಿರಿ.

| ನಾಣ್ಯ | ಒಂದರ ಬೆಲೆ | ಎಣಿಕೆ | ಹಣ |
|---|---|---|---|
| 5 ರೂಪಾಯಿ | 5 | ಕ | 5ಕ |
| 2 ರೂಪಾಯಿ | 2 | 64 − ಕ | 2(64 − ಕ) |
| ಒಟ್ಟು | | 64 | 215 |

ಅಡ್ಡಲಾಗಿ ಗುಣಾಕಾರ, ಕೆಳಮುಖವಾಗಿ ಸಂಕಲನ. ಒಂದರ ಬೆಲೆಯನ್ನು ಎಣಿಕೆಯಿಂದ ಗುಣಿಸಿದರೆ ಹಣ. ಎಣಿಕೆಯ ಕಾಲಂ ಕೂಡಿದರೆ ಒಟ್ಟು ಎಣಿಕೆ, ಹಣದ ಕಾಲಂ ಕೂಡಿದರೆ ಒಟ್ಟು ಹಣ. ‘ಒಂದರ ಬೆಲೆ’ಯ ಕಾಲಂನ ಕೆಳಗಿನ ಮನೆ ಮಾತ್ರ ಖಾಲಿ ಇರಲಿ, 5 ಮತ್ತು 2 ಕೂಡಿಸಿ 7 ಮಾಡುವುದರಿಂದ ಏನೂ ದೊರೆಯುವುದಿಲ್ಲ.

ಕೋಷ್ಟಕ ಹಾಕಲು ಬೇಸರಪಡುವ ಚುರುಕು ಮಕ್ಕಳೇ ಹೆಚ್ಚು ಎಡವುತ್ತಾರೆ. ಅವರು ಬರೆಯುವ ಸಾಲು ಸಾಮಾನ್ಯವಾಗಿ ಕ + ಮ = 215. ಎಡಭಾಗದಲ್ಲಿ ಎಣಿಕೆ, ಬಲಭಾಗದಲ್ಲಿ ಹಣ. ಕೋಷ್ಟಕದಲ್ಲಿ ಈ ತಪ್ಪು ಆಗುವುದಿಲ್ಲ, ಏಕೆಂದರೆ ಎಣಿಕೆ ಒಂದು ಕಾಲಂನಲ್ಲಿದೆ, 215 ಇನ್ನೊಂದರಲ್ಲಿದೆ. ಹೆಚ್ಚು ಅಭ್ಯಾಸವಾದ ಮೇಲೆ ಬೇಕಾದರೆ ಕೋಷ್ಟಕ ಬಿಡಿ. ಅದಕ್ಕೆ ಮುಂಚೆ ಬೇಡ.

## 6. ಕೊನೆಯ ಕಾಲಂನಿಂದ ಸಮೀಕರಣ ಎತ್ತಿಕೊಳ್ಳಿ

ಹಣದ ಕಾಲಂ ಅನ್ನು ಮೇಲಿನಿಂದ ಕೆಳಕ್ಕೆ ಓದಿ, ಹಾಗೆಯೇ ಬರೆಯಿರಿ:

5ಕ + 2(64 − ಕ) = 215

ಇಷ್ಟೇ. ಹೊಸದಾಗಿ ಯೋಚಿಸಬೇಕಾದದ್ದು ಏನೂ ಇಲ್ಲ. ಎಣಿಕೆಯ ಕಾಲಂ ಅನ್ನು 64 − ಕ ಎಂದು ಬರೆಯುವಾಗಲೇ ಬಳಸಿಯಾಗಿದೆ. ಅದರಿಂದಲೇ ಇನ್ನೊಂದು ಸಮೀಕರಣ ಮಾಡಲು ಹೋದರೆ ಕ + 64 − ಕ = 64, ಅಂದರೆ 64 = 64 ಎಂದು ಬಂದು ಮಗು ಗಾಬರಿಯಾಗುತ್ತದೆ.

## 7. ಬಿಡಿಸಿ

5ಕ + 128 − 2ಕ = 215
3ಕ = 87
ಕ = 29

ಎಚ್ಚರ ಒಂದೇ: ಆವರಣ. ಹೊರಗಿನ 2 ಒಳಗಿನ ಎರಡೂ ಪದಗಳನ್ನು ಗುಣಿಸಬೇಕು. 5ಕ + 128 − ಕ = 215 ಎಂದು ಬರೆದರೆ 4ಕ = 87, ಕ = 21.75 ಆಗುತ್ತದೆ. ಮುಕ್ಕಾಲು ನಾಣ್ಯ ಯಾರ ಡಬ್ಬಿಯಲ್ಲೂ ಇರುವುದಿಲ್ಲ.

ಈಗ ಹಾಳೆಯ ಮೇಲ್ಭಾಗಕ್ಕೆ ಹೋಗಿ: 5 ರೂಪಾಯಿಯವು 29, 2 ರೂಪಾಯಿಯವು 64 − 29 = 35.

## 8. ತಾಳೆ ನೋಡಿ, ಅದೂ ಪ್ರಶ್ನೆಯ ಜೊತೆಗೆ

ನೀವು ಬರೆದ ಸಮೀಕರಣದಲ್ಲಿ ಕ = 29 ಹಾಕಿ ನೋಡುವುದು ಸಾಲದು. ಸಮೀಕರಣವೇ ತಪ್ಪಾಗಿದ್ದರೆ ತಪ್ಪು ಉತ್ತರವೂ ಅದರಲ್ಲಿ ಸರಿಯಾಗಿ ಕೂರುತ್ತದೆ. ಪ್ರಶ್ನೆಯ ಮಾತುಗಳಿಗೆ ಹಿಂತಿರುಗಿ: 29 + 35 = 64, ಎಣಿಕೆ ಸರಿ. 29 × 5 = 145, 35 × 2 = 70, ಒಟ್ಟು 215, ಹಣ ಸರಿ. ಮೂರನೆಯ ಹಂತದ ಟಿಪ್ಪಣಿ ‘2 ರೂಪಾಯಿಯವು ಹೆಚ್ಚು’ ಎನ್ನುತ್ತದೆ, ಅದೂ ಸರಿ.

ಆ ಟಿಪ್ಪಣಿ ಏಕೆ ಬೇಕು? ಯಾರೋ ಬೆಲೆಗಳನ್ನು ಅದಲುಬದಲು ಮಾಡಿ 2ಕ + 5(64 − ಕ) = 215 ಎಂದು ಬರೆದರು ಎನ್ನಿ. ಆಗ ಕ = 35 ಎಂಬ ಅಂದವಾದ ಪೂರ್ಣಸಂಖ್ಯೆ ಬರುತ್ತದೆ, 5 ರೂಪಾಯಿಯವು 35 ಎಂದು ಬರೆದು ಮುಗಿಸುತ್ತಾರೆ. ಭಿನ್ನರಾಶಿ ಬಂದರೆ ಮಗು ಎಚ್ಚರಗೊಳ್ಳುತ್ತದೆ, ಪೂರ್ಣಸಂಖ್ಯೆ ಬಂದರೆ ನಂಬಿಬಿಡುತ್ತದೆ. ಅಂಚಿನ ಟಿಪ್ಪಣಿ ಇದನ್ನು ತಕ್ಷಣ ಹಿಡಿಯುತ್ತದೆ.

ಬೀಜಗಣಿತವಿಲ್ಲದ ಎರಡನೆಯ ತಾಳೆಯೂ ಉಂಟು. ಎಲ್ಲವೂ 2 ರೂಪಾಯಿಯವೇ ಎಂದು ಭಾವಿಸಿದರೆ 128 ರೂಪಾಯಿ. 87 ಕಡಿಮೆ ಬಿತ್ತು. ಒಂದು ಎರಡರ ನಾಣ್ಯ ತೆಗೆದು ಒಂದು ಐದರ ನಾಣ್ಯ ಇಟ್ಟರೆ ಎಣಿಕೆ ಬದಲಾಗದೆ ಹಣ 3 ಏರುತ್ತದೆ. 87 ÷ 3 = 29 ಸಲ ಬದಲಿಸಬೇಕು. ಇದೇ 29. ಏಳನೆಯ ಹಂತದ 3ಕ = 87 ಎಂಬ ಸಾಲಿನ ಅರ್ಥವೂ ಇದೇ, ಮಕ್ಕಳಿಗೆ ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು ತೋರಿಸಿ. ಆದರೆ ಇದನ್ನೇ ಮೊದಲು ಕಲಿಸಿ ಅಲ್ಲಿಗೇ ನಿಲ್ಲಿಸಬೇಡಿ: ಮೂರು ಬಗೆಯ ನಾಣ್ಯ ಬಂದ ಕೂಡಲೇ ಈ ದಾರಿ ಇಕ್ಕಟ್ಟಾಗುತ್ತದೆ.

## ಮೂರು ಬಗೆಯ ನಾಣ್ಯ ಬಂದಾಗ

ರಾಯಚೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸಿನ ನಿರ್ವಾಹಕರ ಚೀಲದಲ್ಲಿ 1, 2 ಮತ್ತು 5 ರೂಪಾಯಿ ನಾಣ್ಯಗಳಿವೆ. 2 ರೂಪಾಯಿಯವು 5 ರೂಪಾಯಿಯವುಗಳ ಮೂರರಷ್ಟು. 1 ರೂಪಾಯಿಯವು 2 ರೂಪಾಯಿಯವುಗಳಿಗಿಂತ 8 ಹೆಚ್ಚು. ಒಟ್ಟು 134 ರೂಪಾಯಿ.

ಬುಡ ಹುಡುಕಿ. ಒಂದು ರೂಪಾಯಿ ಎರಡರ ಮೇಲೆ ನಿಂತಿದೆ, ಎರಡು ಐದರ ಮೇಲೆ. ಆದ್ದರಿಂದ 5 ರೂಪಾಯಿ ನಾಣ್ಯಗಳ ಸಂಖ್ಯೆ ಕ. ಎರಡರವು 3ಕ, ಒಂದರವು 3ಕ + 8. ಹಣ: 5ಕ + 2 × 3ಕ + (3ಕ + 8) = 134. ಕೂಡಿಸಿದರೆ 14ಕ + 8 = 134, ಕ = 9. ಐದರವು 9, ಎರಡರವು 27, ಒಂದರವು 35. ತಾಳೆ: 45 + 54 + 35 = 134.

ಇಲ್ಲಿ ಬರುವ ಹೊಸ ತಪ್ಪು ಎಂದರೆ ‘ಮೂರರಷ್ಟು’ ಎಂಬುದನ್ನು ಹಣಕ್ಕೆ ಅನ್ವಯಿಸುವುದು. ಎರಡರ ನಾಣ್ಯಗಳು ಮೂರರಷ್ಟು ಎಂದರೆ ಎಣಿಕೆಯ ಮಾತು. ‘ಎರಡರ ನಾಣ್ಯಗಳ ಒಟ್ಟು ಬೆಲೆ ಮೂರರಷ್ಟು’ ಎಂದಿದ್ದರೆ ಮಾತ್ರ ಹಣದ ಕಾಲಂಗೆ ಹೋಗಿ.

ಅನುಪಾತದ ಲೆಕ್ಕದಲ್ಲಿಯೂ ಇದೇ ಗುಂಡಿ ಇದೆ. 1, 2, 5 ರೂಪಾಯಿ ನಾಣ್ಯಗಳು 4 : 3 : 2 ಅನುಪಾತದಲ್ಲಿವೆ, ಒಟ್ಟು 180 ರೂಪಾಯಿ. ಮಕ್ಕಳು 4 + 3 + 2 = 9 ಮಾಡಿ 180 ÷ 9 = 20 ಎನ್ನುತ್ತಾರೆ. ಭಾಗಾಕಾರ ಶೇಷವಿಲ್ಲದೆ ಮುಗಿಯುವುದರಿಂದ ಸಂಶಯವೇ ಬರುವುದಿಲ್ಲ. ಆದರೆ 80, 60, 40 ನಾಣ್ಯಗಳ ಬೆಲೆ 400 ರೂಪಾಯಿ. ಎಣಿಕೆಗಳನ್ನು 4ಕ, 3ಕ, 2ಕ ಎಂದು ಬರೆದು ಬೆಲೆಯಿಂದ ಗುಣಿಸಿ: 4ಕ + 6ಕ + 10ಕ = 180, ಕ = 9. ನಾಣ್ಯಗಳು 36, 27, 18.

## ಎರಡು ಅಕ್ಷರ ಯಾವಾಗ ಬೇಕು

ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳ ಜೋಡಿ ಹತ್ತನೆಯ ತರಗತಿಯಲ್ಲಿ ಬರುತ್ತದೆ. ಒಟ್ಟು ಎಣಿಕೆ ಕೊಟ್ಟಿದ್ದರೆ ಒಂದೇ ಅಕ್ಷರ ಸಾಕು. ಪ್ರಶ್ನೆಯಲ್ಲಿ ಆದೇಶ ವಿಧಾನ (ಒಂದು ಅಕ್ಷರದ ಬೆಲೆಯನ್ನು ಇನ್ನೊಂದರ ಮೂಲಕ ಬರೆದು ಎರಡನೆಯ ಸಮೀಕರಣದಲ್ಲಿ ಇಡುವುದು), ವರ್ಜಿಸುವ ವಿಧಾನ (ಸಮೀಕರಣಗಳನ್ನು ಕೂಡಿ ಅಥವಾ ಕಳೆದು ಒಂದು ಅಕ್ಷರವನ್ನು ತೆಗೆದುಹಾಕುವುದು) ಎಂದು ಹೆಸರಿಸಿ ಕೇಳಿದ್ದರೆ ಎರಡು ಅಕ್ಷರ ಬಳಸಲೇಬೇಕು. ಎಣಿಕೆ ಕೊಡದೆ ಎರಡು ಸಲ ಹಣವನ್ನೇ ಕೊಟ್ಟಾಗ ಎರಡು ಅಕ್ಷರಗಳೇ ಸಲೀಸು.

ಬಳ್ಳಾರಿಯ ಬಟ್ಟೆ ಅಂಗಡಿಯೊಂದರ ಗಲ್ಲಾದಲ್ಲಿ 10 ಮತ್ತು 20 ರೂಪಾಯಿ ನಾಣ್ಯಗಳು ಸೇರಿ 500 ರೂಪಾಯಿ ಇದೆ. ಎರಡರ ಎಣಿಕೆಗಳನ್ನು ಅದಲುಬದಲು ಮಾಡಿದರೆ 610 ರೂಪಾಯಿ ಆಗುತ್ತಿತ್ತು. (ಹತ್ತರ ನಾಣ್ಯವನ್ನು ಬೇಡವೆನ್ನುವ ಅಂಗಡಿಗಳು ನಮ್ಮ ಕಡೆ ಇವೆ. ಎಲ್ಲ ವಿನ್ಯಾಸದ 10 ರೂಪಾಯಿ ನಾಣ್ಯಗಳಿಗೂ ಮಾನ್ಯತೆ ಇದೆ ಎಂದು ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ. ಮಕ್ಕಳು ಇದನ್ನೂ ತಿಳಿದಿರಲಿ.)

10ಕ + 20ಮ = 500
20ಕ + 10ಮ = 610

ಮೊದಲು 10ರಿಂದ ಭಾಗಿಸಿ: ಕ + 2ಮ = 50, 2ಕ + ಮ = 61. ಸಹಗುಣಕಗಳು, ಅಂದರೆ ಅಕ್ಷರಗಳನ್ನು ಗುಣಿಸುವ ಸಂಖ್ಯೆಗಳು, ಅದಲುಬದಲಾಗಿ ಕಾಣಿಸಿದರೆ ಒಮ್ಮೆ ಕೂಡಿ, ಒಮ್ಮೆ ಕಳೆಯಿರಿ. ಕೂಡಿದರೆ 3ಕ + 3ಮ = 111, ಅಂದರೆ ಕ + ಮ = 37. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಕ − ಮ = 11. ಆಗ ಕ = 24, ಮ = 13. ತಾಳೆ: 240 + 260 = 500, ಬದಲಿಸಿದರೆ 480 + 130 = 610.

## ಅಪಾಯದ ಸೂಚನೆಗಳು

ಉತ್ತರದಲ್ಲಿ ಭಿನ್ನರಾಶಿ, ಋಣಸಂಖ್ಯೆ ಅಥವಾ ಒಟ್ಟು ಎಣಿಕೆಗಿಂತ ದೊಡ್ಡ ಸಂಖ್ಯೆ ಬಂದರೆ ಮುಂದುವರಿಯಬೇಡಿ. ಹುಡುಕಬೇಕಾದ ಕ್ರಮ: ಆವರಣ, ಆಮೇಲೆ ಏಕಮಾನ, ಆಮೇಲೆ ಕೋಷ್ಟಕದ ಎಣಿಕೆಯ ಕಾಲಂ. ಮೂರೂ ಸರಿ ಇದ್ದರೆ ಪ್ರಶ್ನೆಯನ್ನೇ ಸಂಶಯಿಸಿ. 5 ಮತ್ತು 2 ರೂಪಾಯಿಯ 40 ನಾಣ್ಯಗಳು, ಒಟ್ಟು 100 ರೂಪಾಯಿ ಎಂಬ ಲೆಕ್ಕಕ್ಕೆ ಉತ್ತರವೇ ಇಲ್ಲ: 100 − 80 = 20, ಅದು 3ರಿಂದ ಭಾಗವಾಗುವುದಿಲ್ಲ. ಮನೆಯಲ್ಲಿ ಮಕ್ಕಳಿಗೆ ಲೆಕ್ಕ ಕಟ್ಟಿಕೊಡುವ ಹಿರಿಯರು ಮೊದಲು ಉತ್ತರ ಆರಿಸಿಕೊಂಡು ಅದರಿಂದ ಪ್ರಶ್ನೆ ಮಾಡಬೇಕು.

ಮಾಹಿತಿ ಕಡಿಮೆ ಇರುವುದು ಇನ್ನೊಂದು ಸೂಚನೆ. ‘5 ಮತ್ತು 2 ರೂಪಾಯಿ ನಾಣ್ಯಗಳು ಸೇರಿ 60 ರೂಪಾಯಿ’ ಎಂದಷ್ಟೇ ಹೇಳಿದರೆ ಒಂದೇ ಉತ್ತರ ಸಿಗದು. ಐದರವು 2, ಎರಡರವು 25 ಇರಬಹುದು. 4 ಮತ್ತು 20, 6 ಮತ್ತು 15, 8 ಮತ್ತು 10, 10 ಮತ್ತು 5 ಕೂಡ ಆಗಬಹುದು. ಇಂಥ ಕಡೆ ತಲೆ ಕೆಡಿಸಿಕೊಳ್ಳುವ ಮುನ್ನ ಪ್ರಶ್ನೆಯನ್ನು ಮತ್ತೊಮ್ಮೆ ಓದಿ. ಒಂದು ವಾಕ್ಯ ಕಣ್ತಪ್ಪಿರುವ ಸಾಧ್ಯತೆ ಹೆಚ್ಚು.

## ಅಭ್ಯಾಸಕ್ಕೆ

ಉತ್ತರಗಳನ್ನು ಮುಚ್ಚಿಟ್ಟು, ಎಂಟೂ ಹಂತಗಳನ್ನು ಬರೆದು ಬಿಡಿಸಿ.

ಅ) ಸಿಂಧನೂರಿನ ಚಹಾ ಅಂಗಡಿಯಲ್ಲಿ 10 ಮತ್ತು 5 ರೂಪಾಯಿ ನಾಣ್ಯಗಳು ಸೇರಿ 52, ಒಟ್ಟು 385 ರೂಪಾಯಿ.

ಆ) 5 ರೂಪಾಯಿ ನಾಣ್ಯಗಳು 2 ರೂಪಾಯಿ ನಾಣ್ಯಗಳ ಎರಡರಷ್ಟಕ್ಕಿಂತ 4 ಕಡಿಮೆ. ಒಟ್ಟು 148 ರೂಪಾಯಿ. (‘ಗಿಂತ’ ಎಲ್ಲಿ ಅಂಟಿದೆ ನೋಡಿ.)

ಇ) ಗಂಗಾವತಿಯ ಗೋದಾಮಿನಲ್ಲಿ 50 ಕಿಲೋ ಮತ್ತು 75 ಕಿಲೋ ಭತ್ತದ ಚೀಲಗಳು ಸೇರಿ 36, ಒಟ್ಟು ತೂಕ 23 ಕ್ವಿಂಟಲ್. ನಾಣ್ಯ ಇಲ್ಲದಿದ್ದರೂ ಕೋಷ್ಟಕ ಅದೇ. ಎರಡನೆಯ ಹಂತವನ್ನು ಬಿಟ್ಟರೆ ಮಾತ್ರ ಉತ್ತರ ಕೆಡುತ್ತದೆ.

ಈ) 5 ಮತ್ತು 2 ರೂಪಾಯಿಯ 30 ನಾಣ್ಯಗಳು, ಒಟ್ಟು 95 ರೂಪಾಯಿ.

ಉ) 10 ಮತ್ತು 5 ರೂಪಾಯಿ ನಾಣ್ಯಗಳು ಸೇರಿ 45. ಎರಡೂ ಬಗೆಯ ನಾಣ್ಯಗಳ ಒಟ್ಟು ಬೆಲೆ ಸಮ.

ಉತ್ತರಗಳು: ಅ) ಹತ್ತರವು 25, ಐದರವು 27. ಆ) ಎರಡರವು 14, ಐದರವು 24. ಇ) 75 ಕಿಲೋ ಚೀಲ 20, 50 ಕಿಲೋ ಚೀಲ 16. ಈ) ಉತ್ತರವಿಲ್ಲ, 35 ಮೂರರಿಂದ ಭಾಗವಾಗುವುದಿಲ್ಲ. ಉ) ಹತ್ತರವು 15, ಐದರವು 30. ಕೊನೆಯದಕ್ಕೆ ತಲಾ ಇಪ್ಪತ್ತೆರಡೂವರೆ ಎಂದು ಬಂದಿದ್ದರೆ ‘ಬೆಲೆ ಸಮ’ ಎಂಬುದನ್ನು ‘ಎಣಿಕೆ ಸಮ’ ಎಂದು ಓದಿದ್ದೀರಿ. ಮೊದಲ ಹಂತಕ್ಕೆ ಹಿಂತಿರುಗಿ, ಪ್ರತಿ ಮಾತಿನ ಕೆಳಗೆ ಅದು ಎಣಿಕೆಯೋ ಹಣವೋ ಎಂದು ಬರೆದುಕೊಂಡು ಮತ್ತೆ ಬಿಡಿಸಿ.